ಸಾಲದ ಮಿತಿಯೊಳಗೆ ಬದುಕತಕ್ಕ ನಿವೃತ್ತರ ಬಗ್ಗೆ

ಲೋಕೋಪಯೋಗಿ ಇಲಾಖೆಯ ಉಪವಿಭಾಗ ಕಚೇರಿ, ಸಾಗರ
ಸಂಖ್ಯೆ: ಸಾಮಿ/ನಿವೇ/ಉಸಿರು/47/1967-68
ದಿನಾಂಕ: 14-9-1967

ವಿಷಯ: ಸರ್ಕಾರದ ಸಾಲ ಮಿತಿ ಮುಟ್ಟಿರುವ ಕಾರಣ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಿವೃತ್ತ ನೌಕರರು ಬದುಕುವ ಪ್ರಮಾಣವನ್ನು ಕ್ರಮಬದ್ಧಗೊಳಿಸಿದ ನಿಯಮಗಳು ಮತ್ತು ಅವುಗಳ ತುರ್ತು ತಿದ್ದುಪಡಿ.

ಉಲ್ಲೇಖ:
(ಅ) ಮೇಲಿನ ಕಚೇರಿಯ ತಂತಿ: "ಸಾಲ ಮಿತಿ ಮುಟ್ಟಿದೆ. ಇನ್ನೊಂದು ಪೈಸೆ ಏರಕೂಡದು."
(ಆ) ಬ್ಯಾಕೋಡಿನ ನಿವೃತ್ತ ರಸ್ತೆ ಮೇಸ್ತ್ರಿ ಕನ್ನಪ್ಪನವರ ಮೂರು ಅರ್ಜಿಗಳು.
(ಇ) ಸದರಿಯವರ ಧರ್ಮಪತ್ನಿ ಕೆರಿಯಮ್ಮನವರು ಕಚೇರಿಯ ಜಗುಲಿಯಲ್ಲಿ ನಿಂತು ನೀಡಿದ ಮೌಖಿಕ ಅಭಿಪ್ರಾಯ (ಬರೆಯಬಹುದಾದಷ್ಟು ಮಾತ್ರ).

ನಿವೃತ್ತಿ ವೇತನವೆಂಬುದು ಸರ್ಕಾರವು ನೌಕರನಿಗೆ ತೀರಿಸಬೇಕಾದ ಸಾಲ. ನೌಕರ ಬದುಕಿದಷ್ಟೂ ಅದು ಬೆಳೆಯುತ್ತದೆ. ಆದುದರಿಂದ ಮಂಜೂರಾತಿ ಇಲ್ಲದೆ ಬದುಕುವುದು ಸರ್ಕಾರದ ಹೆಸರಿನಲ್ಲಿ ಸಾಲ ಎತ್ತಿದಂತೆಯೇ ಸರಿ ಎಂದು ಕೆಳಸಹಿದಾರರು ಮನಗಂಡು, ಕಳೆದ ಜನವರಿ ಒಂದರಿಂದ ಜಾರಿಗೆ ತಂದ ನಿಯಮಗಳನ್ನು ಈ ಮೂಲಕ ಮತ್ತೊಮ್ಮೆ ಜ್ಞಾಪಿಸಲಾಗಿದೆ.

1. ಹಾಸಿಗೆ ಇದ್ದಷ್ಟೇ ಕಾಲು ಚಾಚತಕ್ಕದ್ದು. ಸದ್ಯ ಹಾಸಿಗೆಯು ಮೇಲಿನ ಕಚೇರಿಯಲ್ಲಿದ್ದು, ಕಾಲುಗಳು ಮಾತ್ರ ನಿವೃತ್ತರ ಬಳಿ ಇವೆ.

2. ಮಿತಿ ಏರುವವರೆಗೆ ನಿವೃತ್ತರು ತಮ್ಮ ವಯಸ್ಸನ್ನು ಈಗಿರುವಲ್ಲೇ ನಿಲ್ಲಿಸಿಕೊಳ್ಳತಕ್ಕದ್ದು. ಯುಗಾದಿ ಬಂದ ಮಾತ್ರಕ್ಕೆ ಒಂದು ವರ್ಷ ಕಳೆಯಿತೆಂದು ಭಾವಿಸುವುದನ್ನು ನಿಷೇಧಿಸಲಾಗಿದೆ.

3. ಆಯುಷ್ಯ ಹೆಚ್ಚಿಸುವ ಕಷಾಯ, ಬೆಳಗಿನ ನಡಿಗೆ, ಮೊಮ್ಮಕ್ಕಳೊಡನೆ ನಗುವುದು, ಇವುಗಳಿಗೆ ಪೂರ್ವಾನುಮತಿ ಅಗತ್ಯ. ಹೊಸನಗರ ತಾಲ್ಲೂಕಿನ ನಗರದ ಕೋಟೆಯನ್ನು ಏದುಸಿರಿಲ್ಲದೆ ಹತ್ತಿದ ನಿವೃತ್ತರೊಬ್ಬರಿಂದ ವಿವರಣೆ ಕೇಳಲಾಗಿದೆ.

4. ಹಾಗೆಂದು ಯಾರೂ ಸಾಯತಕ್ಕದ್ದಲ್ಲ. ಸತ್ತರೆ ಶವಸಂಸ್ಕಾರದ ಮುಂಗಡ ಕೊಡಬೇಕಾಗುತ್ತದೆ, ಅದೂ ಸಾಲವೇ. ಬದುಕುವುದಕ್ಕೂ ಸಾಯುವುದಕ್ಕೂ ನಡುವೆ ಯಾವುದಾದರೂ ಅನುಕೂಲ ಸ್ಥಿತಿಯನ್ನು ನಿವೃತ್ತರೇ ಸ್ವಂತ ಖರ್ಚಿನಲ್ಲಿ ಹುಡುಕಿಕೊಳ್ಳತಕ್ಕದ್ದು.

5. ಅಂತಹ ಸ್ಥಿತಿ ಸಿಗದವರಿಗೆ ಸರದಿ ಏರ್ಪಡಿಸಲಾಗಿದೆ. ಸೋಮವಾರ, ಮಂಗಳವಾರ ತೀರ್ಥಹಳ್ಳಿಯವರು ಬದುಕಿರತಕ್ಕದ್ದು. ಬುಧವಾರ, ಗುರುವಾರ ಹೊಸನಗರದವರು. ಶುಕ್ರವಾರ, ಶನಿವಾರ ಸಾಗರದವರು. ಭಾನುವಾರ ಸರ್ಕಾರಿ ರಜೆ, ಯಾರೂ ಇರುವುದಿಲ್ಲ.

6. ಹೀಗಿರುವಾಗ, ಸಾಗರ ತಾಲ್ಲೂಕಿಗೆ ಸೇರಿದ ಸದರಿ ಕನ್ನಪ್ಪನವರು ದಿನಾಂಕ 7-9-1967ರ ಗುರುವಾರ ಪತ್ನೀಸಮೇತ ಅಣೆಕಟ್ಟಿನ ಹಿನ್ನೀರನ್ನು ದೋಣಿಯಲ್ಲಿ ದಾಟಿ ಬಂದು, ಎಂಟು ತಿಂಗಳಿಂದ ನಿಂತಿರುವ ತಿಂಗಳಿಗೆ ಮೂವತ್ತೊಂದೂವರೆ ರೂಪಾಯಿ ವೇತನವನ್ನು ಕೇಳಿದರು. ಆ ದಿನ ಅವರು ಬದುಕಿರುವಂತಿಲ್ಲವೆಂದು ತಿಳಿಸಲಾಗಿ, ಅವರು ಕೊಟ್ಟ ಹೇಳಿಕೆ: "ಗುರುವಾರ ನಾ ಬದುಕಿರ್ಲಿಲ್ಲ ಅಂದ್ರೆ ದೋಣಿಯವ ಯಾರ ಕೈಯಿಂದ ದುಡ್ಡು ಇಸ್ಕಂಡ, ಸ್ವಾಮಿ?" ನಿಯಮಾವಳಿಯಲ್ಲಿ ಇದಕ್ಕೆ ಉತ್ತರ ದೊರೆಯದ ಕಾರಣ ಕಚೇರಿಗೆ ಅರ್ಧ ದಿನ ರಜೆ ಘೋಷಿಸಲಾಯಿತು. ದಂಪತಿಗಳು ಮಾತ್ರ ಜಗುಲಿಯಿಂದ ಕದಲಲಿಲ್ಲ.

7. ಮಧ್ಯಾಹ್ನ ಕೆಳಸಹಿದಾರರಿಗೆ ಒಂದು ಉಪಾಯ ಹೊಳೆಯಿತು. ಕನ್ನಪ್ಪನವರು ಮೂವತ್ತೊಂದು ವರ್ಷ ಕಲ್ಲು ಕುಟ್ಟಿಸಿ, ನೆಲ ಗಟ್ಟಿಯಾಗುವಂತೆ ದಮ್ಮಸು ಹಾಕಿಸಿ ಮಾಡಿದ ರಸ್ತೆಯು ಮೂರು ವರ್ಷಗಳಿಂದ ಹಿನ್ನೀರಿನ ತಳದಲ್ಲಿದೆ. ರಸ್ತೆ ಕಾಣದ ಕಾರಣ ಸೇವೆ ಕಾಣದು. ಸೇವೆ ಇಲ್ಲದ ಕಾರಣ ನಿವೃತ್ತಿ ಇಲ್ಲ. ನಿವೃತ್ತಿಯೇ ಇಲ್ಲದವರಿಗೆ ಸರ್ಕಾರ ಸಾಲಗಾರನೂ ಅಲ್ಲ. ಆಗ ಕೆಳಸಹಿದಾರರಿಗೆ ಆದ ಸಂತೋಷವನ್ನು ಹಾಕಲು ಸೂಕ್ತ ಲೆಕ್ಕಶೀರ್ಷಿಕೆ ಇರುವುದಿಲ್ಲ. ಅವರು ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದ್ದನ್ನು ಗುಮಾಸ್ತ ವೆಂಕಟ್ರಮಣರು ನೋಡಿರುತ್ತಾರೆ.

8. ಸದರಿ ತೀರ್ಮಾನವನ್ನು ಓದಿ ಹೇಳಲಾಗಿ, ಕನ್ನಪ್ಪನವರು ಸಿಟ್ಟಾಗದೆ, ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ, ಹೇಳಿದ್ದು: "ಆಗ್ಲಿ. ನಾ ದಮ್ಮಸು ಹಾಕ್ಸ್ದೆ. ಟೇಪು ಹಿಡ್ದು ಅಳ್ತೆ ಬರ್ದು ಸೈ ಹಾಕಿದ್ದು ತಾವಲ್ವ? ನಂಗೆ ರಸ್ತೆ ಇಲ್ಲ ಅಂದ್ಮೇಲೆ ತಮಗೆಲ್ಲಿಂದ ಬಂತು?"

9. ಅಳತೆ ಪುಸ್ತಕಗಳನ್ನು ತರಿಸಿ ನೋಡಲಾಯಿತು. ಆಗಿನ ತರುಣ ಓವರ್ಸಿಯರ್, ಈಗಿನ ಕೆಳಸಹಿದಾರರ ರುಜು ಪುಟಪುಟದಲ್ಲೂ ಇತ್ತು. ಕೆಳಸಹಿದಾರರು ಇದೇ ತಿಂಗಳ ಮೂವತ್ತರಂದು ನಿವೃತ್ತರಾಗಲಿದ್ದಾರೆ. ಎರಡು ಲೋಟ ನೀರು ಕುಡಿಯಲಾಯಿತು.

10. ಅದೇ ವೇಳೆಗೆ ಕೆರಿಯಮ್ಮನವರ ಅಭಿಪ್ರಾಯ ಕೇಳಿಬಂತು: "ಎಂಟು ತಿಂಗ್ಳಾತು, ಅಂಗಡಿಯವ ಉದ್ರಿ ಕೊಡಲ್ಲ ಅಂತಾನೆ. ನಿಮ್ ಸಾಲ ಹೆಚ್ಚಾದ್ರೆ ನಿಮ್ ಜೀಪು ನಿಲ್ಸಿ. ಇವ್ರ ಉಸ್ರು ಎಂತಕ್ಕೆ ನಿಲ್ಸ್ತೀರಿ?" ಈ ಪ್ರಶ್ನೆಯನ್ನು ತಮ್ಮ ಸೇವಾವಧಿಯಲ್ಲಿ ಯಾರೂ ಕೇಳಿರಲಿಲ್ಲ, ತಾವೂ ಕೇಳಿಕೊಂಡಿರಲಿಲ್ಲ ಎಂಬ ಬಗ್ಗೆ ಕೆಳಸಹಿದಾರರಿಗೆ ನಾಚಿಕೆಯಾಯಿತೆಂದು ಇಲ್ಲಿ ದಾಖಲಿಸಲಾಗಿದೆ.

11. ಆದುದರಿಂದ ಕಲಂ 2ರಿಂದ 5 ಹಾಗೂ ಕಲಂ 7ರ ಉಪಾಯವನ್ನು ಈ ಮೂಲಕ ರದ್ದುಪಡಿಸಲಾಗಿದೆ. ನಿವೃತ್ತರು ವಾರದ ಏಳೂ ದಿನ, ಭಾನುವಾರವೂ ಸೇರಿದಂತೆ, ಬದುಕಬಹುದು. ನಗುವುದಕ್ಕೆ ಅನುಮತಿ ಬೇಡ. ಕಚೇರಿಯ ಜೀಪನ್ನು ನಿಲ್ಲಿಸಲಾಗಿದ್ದು, ಉಳಿದ ಪೆಟ್ರೋಲ್ ಹಣದಿಂದ ಬಾಕಿ ತೀರಿಸಲಾಗುವುದು. ರಸ್ತೆಯ ಬಗ್ಗೆ ಸ್ಪಷ್ಟೀಕರಣ: ರಸ್ತೆ ಇದೆ. ಅದರ ಮೇಲೆ ಸದ್ಯ ನೀರಿದೆ, ಅಷ್ಟೇ.

ಸಹಿ/-
(ಸೀತಾರಾಮಪ್ಪ)
ಉಪವಿಭಾಗಾಧಿಕಾರಿ
(ಇನ್ನು ಹದಿನಾರು ದಿನ)

ಪ್ರತಿಗಳು:
1. ಮೇಲಿನ ಕಚೇರಿಗೆ. ಅಂಚೆ ಚೀಟಿ ಹಚ್ಚಿದರೆ ಮಿತಿ ಮೀರುವುದರಿಂದ, ಆ ಕಡೆ ಹೋಗುವವರು ಯಾರಾದರೂ ಸಿಕ್ಕಾಗ.
2. ಜೀಪಿನ ಚಾಲಕ ಹೂವಯ್ಯನವರಿಗೆ, ಎಚ್ಚರವಾದ ನಂತರ.
3. ನಗರದ ಕೋಟೆ ಹತ್ತಿದ ನಿವೃತ್ತರಿಗೆ, ಅಭಿನಂದನೆಗಳೊಂದಿಗೆ.
4. ಬ್ಯಾಕೋಡಿನ ಕನ್ನಪ್ಪನವರಿಗೆ. ಎಂಟು ತಿಂಗಳ ವೇತನವನ್ನು ಕೆಳಸಹಿದಾರರೇ ದೋಣಿಯಲ್ಲಿ ತರುವರು; ಕೆಳಗೆ ರಸ್ತೆ ಎಲ್ಲೆಲ್ಲಿ ತಿರುಗುತ್ತದೆಂದು ದಾರಿಯುದ್ದಕ್ಕೂ ದೋಣಿಯವನಿಗೆ ತೋರಿಸುತ್ತ ಬರುವರು.