ಹಳೇ ಅಂಬಾಸಿಡರಿಗೆ ಹೊಸ ಎ.ಸಿ. ಹಾಕಿಸಿದ್ದು

ನಾನು ಸಂಶಯದ ಮನುಷ್ಯ. ಇದನ್ನು ನನ್ನ ಹೆಂಡತಿ ಹೇಳುವುದಕ್ಕೆ ಮುಂಚೆ ನಾನೇ ಹೇಳಿಬಿಡುವುದು ಕ್ಷೇಮ. ತರಕಾರಿಯವನು ತೂಗುವಾಗ ಎಲ್ಲರೂ ತಕ್ಕಡಿ ನೋಡಿದರೆ ನಾನು ಅವನ ಹೆಬ್ಬೆರಳು ನೋಡುತ್ತೇನೆ. ಮದುವೆಮನೆಯಲ್ಲಿ ಒಂದು ಚಪ್ಪಲಿ ಇಲ್ಲಿ, ಇನ್ನೊಂದು ಅಲ್ಲಿ ಬಿಡುತ್ತೇನೆ. ಆಮೇಲೆ ಎರಡನೆಯದನ್ನು ಎಲ್ಲಿ ಬಿಟ್ಟೆ ಎಂಬುದನ್ನು ಮರೆತು, ಯಾರೋ ಕದ್ದರು ಎಂದು ಛತ್ರದ ಮ್ಯಾನೇಜರ ಹತ್ತಿರ ಕೂಗಾಡಿದ್ದೂ ಉಂಟು. ಇಂಥವನ ಕೈಗೆ ಹಳೇ ಕಾರೊಂದು ಸಿಕ್ಕಿದ್ದು ದೇವರು ಬೇಕೆಂದೇ ಮಾಡಿದ ಕೆಲಸವಿರಬೇಕು. ಹಳೇ ಕಾರಿನಷ್ಟು ಸಂಶಯಪಡಲು ಅವಕಾಶವಿರುವ ವಸ್ತು ಇನ್ನೊಂದಿಲ್ಲ.

ಕಾರು ನಮ್ಮ ಸೋದರಮಾವನದು, ಕೆನೆಬಣ್ಣದ ಅಂಬಾಸಿಡರ್. ಕಣ್ಣು ಮಂಜಾದ ಮೇಲೆ ಮಾವ, "ಮಾರಬೇಡ ಕಣೋ, ಓಡಿಸು" ಎಂದು ನನಗೆ ಕೊಟ್ಟುಬಿಟ್ಟರು. ಅವರೇ ಎಂದೋ ಹಾಕಿಸಿದ್ದ ಎ.ಸಿ.ಯೂ ಜೊತೆಗೆ ಬಂತು. ಡ್ಯಾಷ್‌ಬೋರ್ಡಿನ ಕೆಳಗೆ ಟ್ರಂಕಿನಂಥ ಒಂದು ಪೆಟ್ಟಿಗೆ. ಗುಂಡಿ ತಿರುಗಿಸಿದರೆ ಹಿಟ್ಟಿನ ಗಿರಣಿ ಶುರುವಾದ ಹಾಗೆ ಸದ್ದು. ತಂಪು ಮಾತ್ರ ಮುಂದೆ ಕೂತವರ ಮೊಣಕಾಲಿಗಷ್ಟೆ. ಆ ಕಾಲದ ಜಯನಗರದಲ್ಲಿ ಮನೆಗೆ ಫ್ಯಾನೇ ಬೇಕಿರಲಿಲ್ಲವಾದ್ದರಿಂದ ಯಾರೂ ದೂರಲಿಲ್ಲ. ಆದರೆ ಎರಡು ಸಾವಿರದ ಇಸವಿ ದಾಟಿದ ಮೇಲೆ ಬೇಸಗೆಗಳು ಬದಲಾದವು. ಒಂದು ಏಪ್ರಿಲ್‌ನಲ್ಲಿ ಬನಶಂಕರಿ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದ ನಮ್ಮಮ್ಮ ಬೆವರಿ ತೊಪ್ಪೆಯಾಗಿ, "ಇದಕ್ಕಿಂತ ನಡಕೊಂಡು ಬರಬಹುದಿತ್ತು" ಅಂದರು. ಎ.ಸಿ. ಬದಲಾಯಿಸುವುದೆಂದು ಅಲ್ಲೇ ತೀರ್ಮಾನವಾಯಿತು.

ಪುಟ್ಟೇನಹಳ್ಳಿ ಕಡೆ ಗ್ಯಾರೇಜು ಇಟ್ಟಿದ್ದ ಸಲೀಂ ಭಾಯ್ ಬಾನೆಟ್ ಎತ್ತಿ, "ಹಳೇದೆಲ್ಲಾ ತೆಗೆದುಬಿಡೋಣ ಸಾರ್. ಹೊಸ ಥರದ ಕಂಪ್ರೆಸರ್, ಮುಂದೆ ದೊಡ್ಡ ಫ್ಯಾನ್, ಹಿಂದಿನ ಸೀಟಿಗೂ ಗಾಳಿ. ಗಾಡಿ ನಿಂತಿದ್ರೂ ಕೂಲಿಂಗ್ ಬರುತ್ತೆ" ಅಂದರು. ಇಷ್ಟು ಒಳ್ಳೆಯ ಮಾತು ಕೇಳಿದ ಕೂಡಲೇ ನನಗೆ ಸಂಶಯ ಬಂತು. ರಜೆ ಹಾಕಿ, ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು, ಅವರು ಬಿಚ್ಚಿದ ಪ್ರತಿಯೊಂದು ಬೋಲ್ಟಿನ ಮೇಲೂ ಕಣ್ಣಿಟ್ಟೆ. "ಸಾರ್, ನಿಮಗೆ ಆಫೀಸು ಇಲ್ವಾ?" ಎಂದು ಅವರು ಕೇಳಿದ್ದೂ ನನ್ನನ್ನು ಅಲ್ಲಿಂದ ಸಾಗಹಾಕುವ ಉಪಾಯವೆನಿಸಿತು. ತೆಗೆದ ಹಳೇ ಕಂಪ್ರೆಸರನ್ನೂ ಗೋಣಿಚೀಲದಲ್ಲಿ ಕಟ್ಟಿಸಿ ಮನೆಗೆ ತಂದೆ. ನನ್ನ ಹೆಂಡತಿ ಸುಧಾ ಅದನ್ನು ನೋಡಿ, "ಇದನ್ನೂ ಪೂಜೆಗೆ ಇಡಬೇಕಾ?" ಅಂದಳು.

ಎ.ಸಿ. ಮಾತ್ರ ಭರ್ಜರಿಯಾಗಿತ್ತು. ಆದರೆ ಕೆಲವೇ ದಿನಗಳಲ್ಲಿ ಪೆಟ್ರೋಲು ಮಾಯವಾಗತೊಡಗಿತು. ನಾನು ಆಫೀಸಿಗೆ ಹೋಗುವುದು ಬಸ್ಸಿನಲ್ಲಿ. ಕಾರು ಹೊರಡುವುದು ಭಾನುವಾರ ಮಾತ್ರ. ಹಾಗಿದ್ದೂ ಪ್ರತಿ ಭಾನುವಾರ ಮುಳ್ಳು ಕೆಳಗೆ ಮಲಗಿರುತ್ತಿತ್ತು. ಸಲೀಂ ಭಾಯ್ ಎಲ್ಲೋ ತೂತು ಮಾಡಿಟ್ಟಿದ್ದಾರೆಂದು ಹೋಗಿ ಕೂಗಾಡಿದೆ. ಅವರು ಕಾರಿನ ಕೆಳಗೆ ನುಗ್ಗಿ ಎಲ್ಲ ನೋಡಿ, "ಒಂದು ಹನೀನೂ ಸೋರ್ತಿಲ್ಲ ಸಾರ್" ಅಂದರು. ಹಾಗಾದರೆ ಕಳ್ಳತನವೇ. ಟ್ಯಾಂಕಿಗೆ ಬೀಗವಿರುವ ಮುಚ್ಚಳ ಹಾಕಿಸಿದೆ. ಆದರೂ ಪೆಟ್ರೋಲು ಹೋಗುತ್ತಲೇ ಇತ್ತು. ಅಷ್ಟರಲ್ಲಿ ಎದುರುಮನೆಯ ರಿಟೈರ್ಡ್ ನರಸಿಂಹಯ್ಯನವರು ಗೇಟಿನ ಹತ್ತಿರ ನಿಂತು, "ನಿಮ್ಮ ಎ.ಸಿ. ಸೊಗಸಾಗಿದೆಯಂತಲ್ಲ ಸಾರ್?" ಅಂದರು. "ಯಾರು ಹೇಳಿದ್ರು?" ಅಂದೆ. "ಹೀಗೇ ಕೇಳಿದೆ" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಇಲ್ಲಿ ಮನೆಯ ಒಂದು ಸಂಗತಿ ಹೇಳಬೇಕು. ನಮ್ಮಮ್ಮನೂ ಸುಧಾಳೂ ಎಂದೂ ಜಗಳವಾಡಿದವರಲ್ಲ. ಮಾತೇ ಆಡದಿದ್ದರೆ ಜಗಳ ಎಲ್ಲಿಂದ ಬರಬೇಕು? "ನಿಮ್ಮಮ್ಮಂಗೆ ಹೇಳಿ, ಸಾರಿನ ಪುಡಿ ಮುಗಿದಿದೆ." "ನಿನ್ನ ಹೆಂಡತಿಗೆ ಹೇಳು, ಮಾಡಿಟ್ಟಿದ್ದೀನಿ, ಮೇಲಿನ ಡಬ್ಬದಲ್ಲಿದೆ." ಇಬ್ಬರೂ ಅದೇ ಅಡುಗೆಮನೆಯಲ್ಲಿ ನಿಂತಿರುತ್ತಿದ್ದರು, ನಾನು ನಡುಮನೆಯಿಂದ ಎದ್ದು ಬಂದು ಸುದ್ದಿ ಮುಟ್ಟಿಸುತ್ತಿದ್ದೆ. ನಾನಿಲ್ಲದಿದ್ದರೆ ಈ ಮನೆ ನಡೆಯುವುದೇ ಇಲ್ಲವೆಂದು ಒಳಗೊಳಗೇ ಸ್ವಲ್ಪ ಜಂಬವೂ ಇತ್ತೆನ್ನಿ.

ಒಂದು ದಿನ ಕಳ್ಳನನ್ನು ಹಿಡಿದೇಬಿಡುವುದೆಂದು ಅರ್ಧ ದಿನದ ರಜೆ ಹಾಕಿ, ಯಾರಿಗೂ ಹೇಳದೆ ಮಧ್ಯಾಹ್ನ ಮನೆಗೆ ಬಂದೆ. ಬೀದಿಯ ತಿರುವಿನಲ್ಲೇ ಎಂಜಿನ್ ಸದ್ದು ಕೇಳಿಸಿತು. ಹೊಂಗೆ ಮರದ ನೆರಳಿನಲ್ಲಿ ನಮ್ಮ ಕಾರು ನಿಂತಲ್ಲೇ ಗುರುಗುಟ್ಟುತ್ತಿದೆ, ಗಾಜುಗಳೆಲ್ಲ ಏರಿವೆ. ಬಗ್ಗಿ ಬಗ್ಗಿ ಹೋಗಿ ಇಣುಕಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಕಾಲು ಮಡಚಿ ಕೂತಿದ್ದಾರೆ, ಪಕ್ಕದಲ್ಲಿ ಸುಧಾ, ನಡುವೆ ಕೋಡುಬಳೆ ಡಬ್ಬ. ಅಮ್ಮ ಕೈ ತಿರುಗಿಸುತ್ತಾ ಏನೋ ಹೇಳುತ್ತಿದ್ದಾರೆ, ಸುಧಾ ಅವರ ಭುಜಕ್ಕೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಾಳೆ. ಮದುವೆಯಾದ ಮೇಲೆ ನಾನು ಕಂಡಿರದ ದೃಶ್ಯ ಅದು. ಕಳ್ಳನೇ ಸಿಕ್ಕಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಗಾಜು ತಟ್ಟಿದೆ. ಸುಧಾ ಎರಡು ಬೆರಳಿನಷ್ಟು ಇಳಿಸಿ, "ಬೇಗ ಹೇಳಿ, ತಂಪೆಲ್ಲಾ ಹೋಗುತ್ತೆ" ಅಂದಳು.

ಆಮೇಲೆ ತಿಳಿಯಿತು. ಒಂದು ಮಧ್ಯಾಹ್ನ ಕರೆಂಟು ಹೋಗಿ, ಕಾದ ತಾರಸಿಯ ಕೆಳಗೆ ಅಮ್ಮನಿಗೆ ತಲೆ ಸುತ್ತಿ ಬಂದಿತ್ತಂತೆ. ಡ್ರೈವಿಂಗ್ ಗೊತ್ತಿದ್ದ ಸುಧಾ ಅವರನ್ನು ಕೈಹಿಡಿದು ತಂದು ಕಾರಿನಲ್ಲಿ ಕೂರಿಸಿ ಎ.ಸಿ. ಹಾಕಿದಳಂತೆ. ಮಾರನೇ ದಿನ ಕರೆಂಟು ಹೋಗಲಿಲ್ಲ, ಆದರೂ ಹೋಗಿ ಕೂತರಂತೆ. ನರಸಿಂಹಯ್ಯನವರ ಹೆಂಡತಿಗೂ ಒಂದೆರಡು ಸಲ ಆಹ್ವಾನ ಹೋಗಿತ್ತಂತೆ.

"ಮನೇಲಿ ಆಡದ ಮಾತು ಕಾರಲ್ಲಿ ಹೇಗಮ್ಮಾ ಬರುತ್ತೆ?" ಎಂದು ಕೇಳಿದೆ.

"ಅಲ್ಲಿ ಒಲೆ ಇಲ್ವಲ್ಲಪ್ಪ" ಅಂದರು ಅಮ್ಮ.

ಸರಿ. ಆದರೆ ಅಷ್ಟು ಹೊತ್ತು ಇಬ್ಬರು ಹೆಂಗಸರು ಗಾಜು ಏರಿಸಿಕೊಂಡು ನಗುವುದಾದರೂ ಯಾರನ್ನು? ಖಂಡಿತ ನನ್ನನ್ನೇ. ಊಟಕ್ಕೆ ಕೂತಾಗ ನೇರವಾಗಿ ಕೇಳಿಬಿಟ್ಟೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು.

"ಇವರ ವಿಷಯ ಬರಲೇ ಇಲ್ಲವಲ್ಲ ಅತ್ತೆ?" ಅಂದಳು ಸುಧಾ, ನಿಜಕ್ಕೂ ಯೋಚಿಸಿ.

"ಇವನ ವಿಷಯದಲ್ಲಿ ಏನಿದೆಯಮ್ಮ ಮಾತಾಡೋಕೆ" ಅಂದರು ಅಮ್ಮ, ಮಜ್ಜಿಗೆ ಬಡಿಸುತ್ತಾ.

ಶನಿವಾರ ಮಧ್ಯಾಹ್ನ ನಾನೂ ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಹಿಂದೆ ಮಾತು ನಿಂತುಹೋಯಿತು. "ನೀವು ಮಾತಾಡಿ, ನಾನು ಕೇಳಿಸಿಕೊಳ್ಳಲ್ಲ" ಅಂದೆ. ಸುಧಾ ಒಂದು ಕೋಡುಬಳೆ ಕೊಟ್ಟಳು. ಅದನ್ನು ತಿನ್ನುವ ಸದ್ದು ನನಗೇ ಜೋರಾಗಿ ಕೇಳಿಸಿತು. ಅಮ್ಮ ಕಿಟಕಿಯಾಚೆ ನೋಡುತ್ತಾ ಕಾಯುತ್ತಿದ್ದರು. ಕೊನೆಗೆ, "ಏನೋ ಕೆಲಸವಿದೆ" ಎಂದು ನಾನೇ ಇಳಿದೆ. ಬಾಗಿಲು ಹಾಕಿಕೊಳ್ಳುತ್ತಲೇ ಒಳಗೆ ಇಬ್ಬರೂ ಒಟ್ಟಿಗೆ ನಕ್ಕರು. ಈ ಸಲವಾದರೂ ನನ್ನ ವಿಷಯವೇ ಬಂದಿರಬೇಕು ಎಂದು ಸಂಶಯಪಟ್ಟು, ಹಾಗೇ ಆಗಿರಲಪ್ಪಾ ದೇವರೇ ಎಂದುಕೊಳ್ಳುತ್ತಾ ಬಿಸಿಲಿನಲ್ಲಿ ನಿಂತೆ.