ಪಥ್ಯದ ರಜೆ

1978ನೇ ಇಸವಿ ನವೆಂಬರ್ 27, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಅಜ್ಜಂಪುರದ ಟೈಲರ್ ಷಡಕ್ಷರಿ ಆ ದಿನದ ಮೂರನೆಯ ಊಟಕ್ಕೆ “ಆಗಲಿ, ಬರ್ತೀನಿ” ಅಂದ. ಮೊದಲನೆಯದಕ್ಕೆ ಹಾಗೆ ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಎರಡನೆಯದನ್ನು ಹೇಗೋ ನಿಭಾಯಿಸಬಹುದಿತ್ತು. ಆದರೆ ಮೂರನೆಯದಕ್ಕೆ ಕರೆದವರು, ಅವನಿಗೆ ಊಟ ಕಡಿಮೆ ಮಾಡಲು ಹೇಳಿದ್ದ ಡಾಕ್ಟರೇ.

ತೊಂದರೆ ಶುರುವಾದದ್ದು ಆ ಡಾಕ್ಟರು ಅರ್ಧಕ್ಕೆ ಬಿಟ್ಟ ಒಂದು ಮಾತಿನಿಂದ. ಎರಡು ತಿಂಗಳ ಹಿಂದೆ ಷಡಕ್ಷರಿ ಮೊಣಕಾಲು ನೋವು ಅಂತ ಅವರ ಷಾಪಿಗೆ ಹೋಗಿದ್ದ. ಡಾಕ್ಟರ್ ಮಲ್ಲಿಕಾರ್ಜುನಯ್ಯ ರಕ್ತದ ಒತ್ತಡ ನೋಡಿದರು, ಇನ್ನೊಂದು ಸಲ ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹೊಟ್ಟೆ ಇಳಿಸ್ಬೇಕು ಷಡಕ್ಷರಿಯವರೇ. ಹೀಗೇ ಬಿಟ್ರೆ ನಾಳೆ ಹೃದಯಕ್ಕೆ ಬರುತ್ತೆ.”

ಅವರ ಷಾಪಿನ ತೂಕದ ಯಂತ್ರ ಯಾರು ಹತ್ತಿ ನಿಂತರೂ ನಲವತ್ತೊಂದು ಕೆ.ಜಿ. ತೋರಿಸುತ್ತಿತ್ತು. ಯಾರೂ ಹತ್ತದಿದ್ದಾಗಲೂ ಅಷ್ಟೇ ತೋರಿಸುತ್ತಿತ್ತು. ಆದ್ದರಿಂದ ಡಾಕ್ಟರು, “ನಿಮ್ಮ ಕೊರಳಲ್ಲೇ ಟೇಪಿದೆಯಲ್ಲ, ನಡು ಅಳೀರಿ” ಅಂದರು. ನಲವತ್ತಮೂರು ಇಂಚು ಬಂತು. “ಮೂವತ್ತೆಂಟಕ್ಕೆ ತನ್ನಿ. ಅರ್ಧ ಮುದ್ದೆ, ಸೊಪ್ಪಿನ ಸಾರು, ನೀರು ಮಜ್ಜಿಗೆ. ಹೋಟೆಲಿನ ಬೋಂಡ ಬಂದ್.” ಷಡಕ್ಷರಿಯ ಮುಖ ಬಿಸಿಲಿಗೆ ಒಣಹಾಕಿದ ಸೊಪ್ಪಿನ ಹಾಗಾದದ್ದನ್ನು ನೋಡಿ ಅವರಿಗೆ ಕನಿಕರವಾಗಿರಬೇಕು. “ವಾರಕ್ಕೊಂದು ದಿನ ಪಥ್ಯಕ್ಕೆ ರಜೆ ಕೊಡಿ. ಅವತ್ತು ಹೋಳಿಗೆ ಬೇಕಾದ್ರೂ ತಿನ್ನಿ” ಅಂದರು.

ಯಾವ ದಿನ ಅಂತ ಹೇಳಲಿಲ್ಲ.

ಷಡಕ್ಷರಿಯ ಹೆಂಡತಿ ಮಲ್ಲಿಕಾಂಬ ತೀರಿಕೊಂಡು ಆಗ ಒಂದೂವರೆ ವರ್ಷ. ಮಕ್ಕಳಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯೇ ಮನೆ. ಒಬ್ಬನಿಗೆ ಅಂತ ಅರ್ಧ ಮುದ್ದೆಯಷ್ಟು ಹಿಟ್ಟು ಹಾಕಿ ತಿರುವಿದರೆ ಅದು ಪಾತ್ರೆಯ ತಳಕ್ಕೂ ಸಾಲದೆ ಗಂಟುಗಂಟಾಗುತ್ತಿತ್ತು. ಗಂಟು ನುಂಗುವುದು ಅವನಿಗೆ ಕಷ್ಟವಾಗಿರಲಿಲ್ಲ. ನುಂಗುವಾಗ ಎದುರಿಗೆ ಬರೀ ಗೋಡೆ ಇರುತ್ತಿತ್ತಲ್ಲ, ಅದು ಕಷ್ಟವಾಗಿತ್ತು.

ಮೊದಲ ರಜೆಗೆ ಅವನನ್ನು ಕರೆದದ್ದು ತೀರ್ಥಮ್ಮ, ಈರುಳ್ಳಿ ವ್ಯಾಪಾರಿ ಷಣ್ಮುಖಪ್ಪನ ಹೆಂಡತಿ. ಅವತ್ತು ಸೋಮವಾರ. ಎರಡನೆಯ ಸಲ ಅನ್ನ ಬಡಿಸುವಾಗ ಆಕೆ “ಇನ್ನೊಂಚೂರು ಹಾಕ್ಲಾ ಅಣ್ಣಾ?” ಅಂತ ಕೇಳಿದಳು. ಒಂದೂವರೆ ವರ್ಷದಿಂದ ಅವನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಹೋಟೆಲಿನಲ್ಲಿ “ಇನ್ನೇನು ಬೇಕು?” ಅನ್ನುತ್ತಿದ್ದರು. ಅದು ಬೇರೆ ಪ್ರಶ್ನೆ. ಷಡಕ್ಷರಿ ಬೇಡ ಅನ್ನಲು ಬಾಯಿ ತೆರೆದವನು ತಟ್ಟೆ ಮುಂದೆ ಸರಿಸಿದ.

ಅದೇ ವಾರ ಎದುರುಮನೆಯ ಗುರುಶಾಂತಮ್ಮ, ರಿಟೈರಾದ ಸ್ಕೂಲ್ ಮೇಡಂ, “ನಿನ್ನ ರಜೆ ಯಾವತ್ತಪ್ಪಾ?” ಅಂತ ವಿಚಾರಿಸಿದರು. ಸೋಮವಾರ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನ ಬಾಯಿಂದ “ಗುರುವಾರ” ಅಂತ ಬಂತು. ಡಾಕ್ಟರ ಹೆಂಡತಿ ಈಶ್ವರಮ್ಮ ರವಿಕೆ ಅಳತೆ ಕೊಡಲು ಬಂದಾಗ ಕೇಳಿದ್ದಕ್ಕೆ “ಭಾನುವಾರ” ಅಂತ ಬಂತು. ಡಾಕ್ಟರು ಭಾನುವಾರ ರೈಲು ಹತ್ತಿ ಪಕ್ಕದ ಶಿವನಿ ಊರಿಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ವಾರಕ್ಕೆ ಒಂದೇ ರಜೆ, ಅದೂ ನಮ್ಮ ಮನೆಯಲ್ಲೇ ಅಂತ ಮೂರು ಮನೆಯ ಹೆಂಗಸರಿಗೂ ಒಳಗೊಳಗೇ ಹೆಮ್ಮೆ. ಹೊರಗೆ ಹೇಳಿದರೆ ಮಿಕ್ಕವರು ಬೇಜಾರು ಮಾಡಿಕೊಂಡಾರು ಅಂತ ಮೂವರೂ ಬಾಯಿ ಬಿಡಲಿಲ್ಲ.

ಮಿಕ್ಕ ನಾಲ್ಕು ದಿನ ಷಡಕ್ಷರಿ ಪ್ರಾಮಾಣಿಕವಾಗಿ ಅರ್ಧ ಮುದ್ದೆ ತಿಂದ. ಎರಡು ತಿಂಗಳ ಕೊನೆಗೆ ನಡು ನಲವತ್ತನಾಲ್ಕು ಇಂಚು ಆಯಿತು.

“ಟೇಪು ಹಳೇದಾಗಿ ಹಿಗ್ಗಿರ್ಬೇಕು” ಅಂದರು ಡಾಕ್ಟರು. ಟೇಪು ಹಿಗ್ಗಿದರೆ ಅಳತೆಯನ್ನು ಕಡಿಮೆ ತೋರಿಸುತ್ತದೆಯೇ ಹೊರತು ಹೆಚ್ಚು ತೋರಿಸುವುದಿಲ್ಲ. ಷಡಕ್ಷರಿಗೆ ಇದು ಗೊತ್ತಿತ್ತು. “ಇರ್ಬಹುದು ಸಾರ್” ಅಂದ.

ಆ ನವೆಂಬರ್ 27 ಕಾರ್ತಿಕ ಮಾಸದ ಕಡೆಯ ಸೋಮವಾರ. ಎಲ್ಲರ ಮನೆಯಲ್ಲೂ ಪೂಜೆ, ಎಲ್ಲರ ಮನೆಯಲ್ಲೂ ಸಿಹಿ. ತೀರ್ಥಮ್ಮನ ಮನೆಯ ಊಟ ಮಧ್ಯಾಹ್ನ ಒಂದಕ್ಕೆ, ಅದು ವಾರದ ಪದ್ಧತಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಗುರುಶಾಂತಮ್ಮ ರಸ್ತೆ ದಾಟಿ ಬಂದರು.

“ಈ ವಾರ ಗುರುವಾರದ ರಜೆನ ಇವತ್ತೇ ಹಾಕ್ಕೊ ಕಣಪ್ಪ. ಕಡೇ ಸೋಮವಾರ. ಹತ್ತೂವರೆಗೆ ಪ್ರಸಾದ.”

“ಅಮ್ಮಾ, ಇವತ್ತು...”

“ಇವತ್ತು ಏನು? ಸೋಮವಾರ ನಿಂಗೆ ಪಥ್ಯ ಅಲ್ವಾ? ರಜೆ ಅದಲುಬದಲು ಮಾಡಿದ್ರೆ ಡಾಕ್ಟ್ರೇನು ಸಸ್ಪೆಂಡ್ ಮಾಡ್ತಾರಾ?”

ಅವರು ಅತ್ತ ಹೋದ ಬೆನ್ನಿಗೇ ಡಾಕ್ಟರು ಕಂಕುಳಲ್ಲಿ ಒಂದು ಪ್ಯಾಂಟು ಇಟ್ಟುಕೊಂಡು ಬಂದರು. “ಸೊಂಟದ ಹತ್ರ ಒಂದಿಂಚು ಬಿಡಿಸ್ಕೊಡಿ. ಬಟ್ಟೆ ಯಾಕೋ ಕುಗ್ಗಿದೆ” ಅಂದರು. ಷಡಕ್ಷರಿ ಬಟ್ಟೆಯನ್ನೂ ನೋಡಿದ, ಡಾಕ್ಟರನ್ನೂ ನೋಡಿದ, ಸೀಮೆಸುಣ್ಣದಲ್ಲಿ ಒಂದಿಂಚಿಗೆ ಗುರುತು ಹಾಕಿದ. ಹೋಗುವಾಗ ಡಾಕ್ಟರು ತಿರುಗಿ ನಿಂತರು. “ನಿನ್ನೆ ನಮ್ಮನೆಯವರು ಊರಲ್ಲಿರ್ಲಿಲ್ಲ, ನಿಮ್ಮ ರಜೆ ತಪ್ಪಿಹೋಯ್ತಂತೆ. ಇವತ್ತು ಸಂಜೆ ಏಳಕ್ಕೆ ಬಂದ್ಬಿಡಿ. ನಾನೂ ಇರ್ತೀನಿ.”

ಆಗ ಎಂಟು ಗಂಟೆ ಹತ್ತು ನಿಮಿಷ. ಷಡಕ್ಷರಿ “ಆಗಲಿ, ಬರ್ತೀನಿ” ಅಂದ.

ಗುರುಶಾಂತಮ್ಮನ ಮನೆಯಲ್ಲಿ ಹೋಳಿಗೆ, ಕಾಯಿಹಾಲು. ಷಡಕ್ಷರಿ ಎರಡು ತಿಂದು ಕೈ ಅಡ್ಡ ಹಿಡಿದ. ಹಿಡಿದ ಕೈಯ ಪಕ್ಕದಿಂದ ಮೂರನೆಯದು ತಟ್ಟೆಗೆ ಬಿತ್ತು.

“ಪ್ರಸಾದ ಕಣಪ್ಪ, ಬಿಡೋ ಹಾಗಿಲ್ಲ” ಅಂದರು, ಕಾಗುಣಿತ ತಪ್ಪಿದ ಹುಡುಗನಿಗೆ ಹೇಳುವ ಹಾಗೆ. ಅವನೂ ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ. ತಟ್ಟೆಯಲ್ಲಿ ಬಿದ್ದ ಪ್ರಸಾದವನ್ನು ಬಿಡುವುದು ಅವನಿಂದಲೂ ಆಗುವಂತಿರಲಿಲ್ಲ. ಆರನೆಯ ಹೋಳಿಗೆ ಮುಗಿಸಿ ಏಳುವಾಗ ಗೋಡೆ ಹಿಡಿದುಕೊಂಡ.

ಮಧ್ಯಾಹ್ನ ಒಂದಕ್ಕೆ ತೀರ್ಥಮ್ಮನ ಮನೆ. ಹೂರಣದ ಕಡುಬು, ಮೇಲೆ ತುಪ್ಪ, ಕಟ್ಟಿನ ಸಾರು. ಪಕ್ಕದಲ್ಲಿ ಷಣ್ಮುಖಪ್ಪ ಮಾತಿಗೊಂದು ಕಡುಬು ಮುರಿಯುತ್ತಿದ್ದ.

“ಏನಯ್ಯ ಷಡಕ್ಷರಿ, ಮಳೇಲಿ ನೆಂದ ಮೂಟೆ ಹಂಗೆ ಕೂತಿದೀಯ?”

“ಯಾಕಣ್ಣ, ಕೈಯೇ ಓಡ್ತಿಲ್ಲ? ಉಪ್ಪು ಹೆಚ್ಚಾಯ್ತಾ?” ತೀರ್ಥಮ್ಮನ ಮುಖ ಸಣ್ಣದಾಯಿತು.

“ಇಲ್ಲ ತಾಯಿ, ಚೆನ್ನಾಗಿದೆ. ನಿಧಾನಕ್ಕೆ ತಿಂದ್ರೆ ರುಚಿ ಜಾಸ್ತಿ.”

“ಹಂಗಾದ್ರೆ ಇನ್ನೆರಡು ಹಾಕ್ತೀನಿ, ನಿಧಾನಕ್ಕೇ ತಿನ್ನಿ.”

ಆಕೆ ತುಪ್ಪ ತರಲು ಒಳಗೆ ಹೋದಾಗ, ಷಣ್ಮುಖಪ್ಪ ಈರುಳ್ಳಿ ಧಾರಣೆಯ ಬಗ್ಗೆ ಮಾತಾಡುತ್ತ ಮೇಲೆ ನೋಡಿದಾಗ, ಷಡಕ್ಷರಿ ಆ ಎರಡು ಕಡುಬನ್ನು, ಅಂಗಡಿಯಲ್ಲಿ ಹೊಲಿಗೆಗೆ ಕತ್ತರಿಸಿ ಉಳಿದಿದ್ದ ಬಟ್ಟೆ ಚೂರೊಂದರಲ್ಲಿ ಸುತ್ತಿ ಅಂಗಿಯ ಜೇಬಿಗೆ ಇಳಿಸಿದ. ಹೊರಗೆ ಬಂದ ಮೇಲೂ ಎಸೆಯಲಿಲ್ಲ. ಪ್ರಸಾದವನ್ನು ಬೀದಿಗೆ ಹಾಕುವುದು ಹೇಗೆ? ಹಸಿವಾದಾಗ ತಿಂದರಾಯಿತು ಅಂದುಕೊಂಡ. ತನಗೆ ಇನ್ನು ಯಾವತ್ತಾದರೂ ಹಸಿವಾದೀತು ಅನ್ನುವುದು ಆ ಹೊತ್ತಿಗೆ ನಂಬಿಕೆಯ ವಿಷಯವಾಗಿತ್ತು.

ಅರಗಿಸಲು ರೈಲ್ವೆ ಸ್ಟೇಷನ್ನಿನವರೆಗೆ ನಡೆದ. ಬೆಂಚಿನ ಮೇಲೆ ಕೂತ. ಕೂತರೆ ಉಸಿರಾಡಲಾಗುತ್ತಿರಲಿಲ್ಲ, ನಿಂತರೆ ಮೊಣಕಾಲು ನೋಯುತ್ತಿತ್ತು. ತನಗೆ ಜ್ವರ ಅಂತ ಈಶ್ವರಮ್ಮನಿಗೆ ಹೇಳಿ ಕಳಿಸಬಹುದಿತ್ತು, ಆದರೆ ಜ್ವರ ನೋಡಲು ಡಾಕ್ಟರೇ ಬರುತ್ತಿದ್ದರು. ಅದೂ ಅಲ್ಲದೆ, ಒಂದು ಸಲ ಬರುವುದಿಲ್ಲ ಅಂದರೆ ಆ ಮನೆಯ ಭಾನುವಾರ ಹೋಗಿಬಿಡಬಹುದು ಅನ್ನುವ ಭಯ. ಸಂಜೆ ಏಳಕ್ಕೆ ಸರಿಯಾಗಿ ಅವರ ಬಾಗಿಲಲ್ಲಿ ಚಪ್ಪಲಿ ಬಿಟ್ಟ.

“ಬನ್ನಿ ಟೈಲರಣ್ಣ. ಎಣ್ಣೆಗಾಯಿ ನಿಮ್ಗೋಸ್ಕರ ಮಾಡಿದೀನಿ.”

“ಸಂಕೋಚ ಬೇಡ” ಅಂದರು ಡಾಕ್ಟರು, ಪಕ್ಕದ ಮಣೆಯ ಮೇಲೆ ಕೂತು. “ವಾರವೆಲ್ಲ ಅರ್ಧ ಮುದ್ದೆ ತಿಂದವ್ರು ನೀವು.”

ಮೊದಲ ಪೂರಿ ಹೋಯಿತು. ಎರಡನೆಯದು ಅರ್ಧ ಹೋಯಿತು. ಷಡಕ್ಷರಿಯ ಹಣೆಯ ಬೆವರಿಗೆ ವಿಭೂತಿ ಕರಗಿ ಹುಬ್ಬಿಗಿಳಿಯಿತು. ಆಗ ಅವನೇ ಹೊಲಿದು ತೊಟ್ಟಿದ್ದ ಪ್ಯಾಂಟಿನ ಹುಕ್ಕು ಕಿತ್ತು ಸಿಡಿದು ಪಾಯಸದ ಪಾತ್ರೆಗೆ ‘ಟಣ್’ ಅಂತ ಬಡಿಯಿತು. ಅವನು ಗೋಡೆಗೆ ಒರಗಿ ಮೆಲ್ಲಗೆ ಜಾರಿದ.

ಡಾಕ್ಟರು ಎಡಗೈಯಲ್ಲಿ ಅವನ ನಾಡಿ ಹಿಡಿದರು. ಕೈ ತೊಳೆದು ಬಂದು ಎದೆ ಮುಟ್ಟಿ ನೋಡಿ ಗಾಬರಿಯಾದರು. “ಇಲ್ಲೇನೋ ಗಡ್ಡೆ ಇದೆ.”

ಗಡ್ಡೆಯನ್ನು ಜೇಬಿನಿಂದ ಹೊರಗೆ ತೆಗೆದದ್ದಾಯಿತು. ಬಟ್ಟೆ ಚೂರು ಬಿಚ್ಚಿದಾಗ ಚಪ್ಪಟೆಯಾದ ಎರಡು ಕಡುಬು. ಈಶ್ವರಮ್ಮ ಒಂದನ್ನು ದೀಪದ ಬೆಳಕಿಗೆ ಹಿಡಿದು ನೋಡಿದರು.

“ಈ ಅಂಚು ಮಡಿಸಿರೋದು ತೀರ್ಥಮ್ಮ.”

ಟೈಲರ್ ಬಿದ್ದುಬಿಟ್ಟನಂತೆ ಅನ್ನುವ ಸುದ್ದಿ ಅಷ್ಟರಲ್ಲಿ ಬೀದಿ ದಾಟಿತ್ತು. ತೀರ್ಥಮ್ಮ, ಷಣ್ಮುಖಪ್ಪ, ಗುರುಶಾಂತಮ್ಮ ಒಟ್ಟಿಗೇ ಒಳಗೆ ನುಗ್ಗಿದರು.

“ಮಧ್ಯಾಹ್ನ ನಮ್ಮನೇಲಿ ಚೆನ್ನಾಗೇ ಉಂಡ್ರಲ್ಲ” ಅಂದಳು ತೀರ್ಥಮ್ಮ.

“ನಿಮ್ಮನೇಲಾ? ಬೆಳಿಗ್ಗೆ ನಮ್ಮನೇಲಿ ಆರು ಹೋಳಿಗೆ ತಿಂದಿದಾನೆ” ಅಂದರು ಗುರುಶಾಂತಮ್ಮ.

ಡಾಕ್ಟರು ಕನ್ನಡಕ ತೆಗೆದರು. “ಅಜೀರ್ಣ ಅಷ್ಟೇ, ಜೀವಕ್ಕೇನೂ ಇಲ್ಲ. ಷಡಕ್ಷರಿಯವರೇ, ವಾರಕ್ಕೆ ಎಷ್ಟು ರಜೆ ತಗೋತಿದೀರಿ?”

“ಮೂರು ಸಾರ್.”

ಷಣ್ಮುಖಪ್ಪ ಬಿದ್ದು ಬಿದ್ದು ನಕ್ಕ. “ಸರ್ಕಾರಿ ಕೆಲಸದಲ್ಲೂ ಇಷ್ಟು ರಜೆ ಇಲ್ಲ ಕಣಯ್ಯ.”

“ಯಾಕಪ್ಪಾ ಸುಳ್ಳು ಹೇಳ್ದೆ?” ಗುರುಶಾಂತಮ್ಮ ನಗದೆ ಕೇಳಿದರು.

ಅವನ ಮೇಲೆ ಐದು ಮುಖಗಳು ಬಾಗಿದ್ದವು. ಹೇಳಬಹುದಾಗಿತ್ತು. ಒಂದೇ ಮಾತು ಸಾಕಿತ್ತು. ಹೊಟ್ಟೆಬಾಕ ಅಂದುಕೊಂಡರೆ ನಗುತ್ತಾರೆ, ನಾಳೆ ಮರೆಯುತ್ತಾರೆ. ಆ ಇನ್ನೊಂದನ್ನು, ಕೋಣೆಯ ಗೋಡೆಯ ವಿಷಯವನ್ನು, ಹೇಳಿದರೆ ಹೆಂಗಸರು ಅಳುತ್ತಿದ್ದರು, ಅವನೂ ಅಳಬೇಕಾಗುತ್ತಿತ್ತು, ಅದೂ ಹುಕ್ಕು ಕಿತ್ತ ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು.

“ನಾಲಿಗೆ ಚಪಲ ಅಮ್ಮಾ” ಅಂದ.

ಎಲ್ಲರೂ ನಂಬಿದರು. ತೀರ್ಥಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಮ್ಮ ಕೈಯಾರೆ ಇವರನ್ನ ಕೊಲ್ತಿದ್ವಲ್ಲ.” ಆ ರಾತ್ರಿಯ ಊಟ ತಣ್ಣಗಾಗುತ್ತಿರುವಾಗಲೇ ಪಂಚಾಯ್ತಿ ಮುಗಿಯಿತು. ಮೂರು ಮನೆಯವರೂ ಸರದಿಯ ಮೇಲೆ ಪಥ್ಯದ ಅಡುಗೆ ಮಾಡಿ ಕ್ಯಾರಿಯರಿನಲ್ಲಿ ಕಳಿಸುವುದು. ಅವನು ಒಲೆ ಹಚ್ಚುವ ಹಾಗಿಲ್ಲ.

“ಆದ್ರೆ ನೀವು ಮನೆಗೆ ಮಾತ್ರ ಬರ್ಬೇಡಿ ಅಣ್ಣ” ಅಂದಳು ತೀರ್ಥಮ್ಮ. “ಎದುರಿಗೆ ಕೂತ್ರೆ ನನ್ನ ಕೈ ನಿಲ್ಲಲ್ಲ, ಬಡಿಸ್ಬಿಡ್ತೀನಿ.”

ಅವನ ಮುಖ ನೋಡಿ ಡಾಕ್ಟರಿಗೆ ಮತ್ತೆ ಕನಿಕರವಾಯಿತು. “ಮೂವತ್ತೆಂಟಕ್ಕೆ ಬನ್ನಿ. ಆಮೇಲೆ ಯಾರ ಮನೇಲಿ ಬೇಕಾದ್ರೂ ಕೂತು ಉಣ್ಣಿ.”

ಆ ಮಾತನ್ನು ಷಡಕ್ಷರಿ ಗಟ್ಟಿಯಾಗಿ ಹಿಡಿದುಕೊಂಡ. ದಿನಾ ಅಂಗಡಿ ಬಾಗಿಲ ಮೊಳೆಗೆ ಕ್ಯಾರಿಯರ್ ತೂಗುತ್ತಿತ್ತು. ಅವನ ಆಸೆಗೆಲ್ಲಿ ಕರಗಿಬಿಡುತ್ತೇವೋ ಅಂತ ಅವನು ಒಳಗಿರುವಾಗಲೇ ತೂಗುಹಾಕಿ ಹೋಗುತ್ತಿದ್ದರು. ಬಿಸಿ ಮುದ್ದೆ, ಗಂಟಿಲ್ಲದ್ದು. ಭಾನುವಾರ ಮೇಲಿನ ಡಬ್ಬಿಯಲ್ಲಿ ಒಂದು ಹೋಳಿಗೆ, ಅದು ಆ ವಾರದ ರಜೆ. ಗೋಡೆಯ ಕಡೆ ನೋಡುತ್ತ ತಿಂದ. ಸಂಜೆ ಸ್ಟೇಷನ್ನಿಗೆ ಹೋಗಿ ಬಂದ. ಶಿವರಾತ್ರಿಗೆ ನಲವತ್ತು ಇಂಚಾಯಿತು. ಬಸವ ಜಯಂತಿಯ ಹಿಂದಿನ ದಿನ ಮೂವತ್ತೆಂಟು.

ಒಗೆದ ಅಂಗಿ ಹಾಕಿಕೊಂಡು ಮೊದಲು ಡಾಕ್ಟರ ಮನೆಗೆ ಹೋದ. ಡಾಕ್ಟರು ತಾವೇ ಟೇಪು ಸುತ್ತಿ ಅಳೆದು, ರೋಗಿಗಳನ್ನೆಲ್ಲ ಕರೆದು ತೋರಿಸಿದರು. ಈಶ್ವರಮ್ಮನಿಗೆ ಮಗ ಪಾಸಾದಷ್ಟು ಸಂತೋಷ.

“ಹಂಗಾದ್ರೆ ತಾಯಿ, ಇನ್ಮೇಲೆ ಭಾನುವಾರ...” ಅಂದ ಷಡಕ್ಷರಿ.

“ಅಯ್ಯೋ ಟೈಲರಣ್ಣ, ಇಷ್ಟು ಕಷ್ಟಪಟ್ಟು ಇಳಿಸಿದ್ದನ್ನ ಕರೆದು ಕೂರಿಸಿ ನಾವೇ ಹಾಳು ಮಾಡ್ತೀವಾ? ಹೆದರ್ಬೇಡಿ. ನಾವು ಮೂವರೂ ಮಾತಾಡ್ಕೊಂಡಿದೀವಿ. ನೀವಿರೋತನಕ ಕ್ಯಾರಿಯರ್ ತಪ್ಪಲ್ಲ.”

ತೀರ್ಥಮ್ಮನೂ ಅದನ್ನೇ ಹೇಳಿದಳು, ಹೊಸಿಲ ಆಚೆಯಿಂದಲೇ, ಕಣ್ಣಲ್ಲಿ ನೀರು ತುಂಬಿಕೊಂಡು. ಷಡಕ್ಷರಿ ಕೈ ಮುಗಿದು ಬಂದ.

ಅವತ್ತು ಮಧ್ಯಾಹ್ನ ಕ್ಯಾರಿಯರ್ ಇಳಿಸಿಕೊಂಡು, ಗೋಡೆಯ ಕಡೆ ಕೂರದೆ, ಅಂಗಡಿಯ ಬಾಗಿಲಿಗೆ ಬಂದು ಕೂತ. ಎದುರು ಜಗುಲಿಯ ಮೇಲೆ ಗುರುಶಾಂತಮ್ಮ ಅಕ್ಕಿ ಆರಿಸುತ್ತಿದ್ದರು. ಅವನು ಡಬ್ಬಿ ಬಿಚ್ಚುವುದನ್ನು ನೋಡಿ ಮೊರ ಎತ್ತಿಕೊಂಡು ಒಳಗೆ ಹೋದರು. ತಮ್ಮ ಒಗ್ಗರಣೆಯ ವಾಸನೆ ಅವನ ಪಥ್ಯ ಕೆಡಿಸಬಾರದು ಅಂತ ಬಾಗಿಲನ್ನೂ ಎಳೆದುಕೊಂಡರು.

ಹಿಂದಿನ ವರ್ಷ ಮೋರಿ ಕಟ್ಟಿಸುವಾಗ ಪಂಚಾಯ್ತಿಯವರು ಆ ರಸ್ತೆಯನ್ನು ಅಳೆಸಿದ್ದರು. ಅವನ ಹೊಸಿಲಿನಿಂದ ಗುರುಶಾಂತಮ್ಮನ ಹೊಸಿಲಿಗೆ ಇಪ್ಪತ್ತೆರಡು ಅಡಿ.