ಸುಗ್ಗಿ ಹಬ್ಬಕ್ಕೆ ದೊಡ್ಡಪ್ಪನ ಫಸಲು

ನಮ್ಮ ದೊಡ್ಡಪ್ಪ ದೇವರೊಡನೆ ಗದ್ಯದಲ್ಲಿ ಮಾತಾಡಿದ್ದನ್ನು ಕೇಳಿದವರು ಯಾರೂ ಇಲ್ಲ. ಬಹುಶಃ ದೇವರೂ ಕೇಳಿರಲಾರ! ಕೊಡಿಗೇಹಳ್ಳಿಯ ಅವರ ಮನೆಯಲ್ಲಿ ಬೆಳಗಿನ ಪ್ರಾರ್ಥನೆ ಎಂದರೆ ಮೊದಲು ಪೆನ್ನು ಹುಡುಕುವುದು. ಯಶವಂತಪುರದ ಕಾರ್ಖಾನೆಯಿಂದ ನಿವೃತ್ತರಾದ ಮರುದಿನವೇ ಶುರುವಾದ ಈ ನೇಮಕ್ಕೆ ಅವರದ್ದೇ ಒಂದು ಸಿದ್ಧಾಂತವಿತ್ತು. ಸೃಷ್ಟಿ ಮಾಡಿದವನ ಹತ್ತಿರ ಹೋಗುವಾಗ ನಾವೂ ಏನಾದರೂ ಸೃಷ್ಟಿಸಿಕೊಂಡು ಹೋಗಬೇಕು. ಸುಮ್ಮನೆ ಹೋಗಿ ನಿಲ್ಲುವುದು ಮರ್ಯಾದೆಯಲ್ಲ. ಸಿದ್ಧಾಂತದಲ್ಲಿ ತಪ್ಪೇನೂ ಇರಲಿಲ್ಲ. ತೊಂದರೆ ಇದ್ದದ್ದು ಸೃಷ್ಟಿಯಲ್ಲಿ.

ನಾನು ಪತ್ರಿಕೆಯ ಡೆಸ್ಕ್‌ನಲ್ಲಿ ಕೂತು ಇತರರ ವಾಕ್ಯಗಳನ್ನು ಕತ್ತರಿಸುವವನಾದ್ದರಿಂದ ಆ ಕವಿತೆಗಳೆಲ್ಲ ತಿದ್ದಲು ನನ್ನ ಮುಂದೆ ಬರುತ್ತಿದ್ದವು. ಒಮ್ಮೆ ‘ಕರುಣಾಳು, ಕೃಪಾಳು, ದಯಾಳು’ ಎಂದಿತ್ತು. ಎರಡನ್ನು ಹೊಡೆದು ಹಾಕಿದೆ.

“ಏನೋ ಇದು? ದೇವ್ರ ಸ್ತುತಿಗೂ ಕತ್ತರೀನಾ?”

“ಮೂರಕ್ಕೂ ಅರ್ಥ ಒಂದೇ ಅಲ್ವಾ ದೊಡ್ಡಪ್ಪ. ಒಂದು ಸಾಕು.”

“ಪರಲೋಕದಲ್ಲಿ ದೇವದೂತರು ಒಂದೇ ಮಾತನ್ನ ಮೂರು ಸಲ ಹಾಡ್ತಾರೆ. ಅಲ್ಲಿ ಡೆಸ್ಕ್‌ನಲ್ಲಿ ನೀನಿದ್ದಿದ್ರೆ ಎರಡನ್ನ ಹೊಡೆದು, ಉಳಿದದ್ದನ್ನ ಒಳಪುಟಕ್ಕೆ ಹಾಕ್ತಿದ್ದೆ ಅಲ್ವಾ?”

ನಿಜ ಹೇಳಬೇಕೆಂದರೆ, ಕೊನೆ ಗಳಿಗೆಯಲ್ಲಿ ಜಾಹೀರಾತು ಬಂದಿದ್ದರೆ ಪೂರ್ತಿಯೇ ಎತ್ತಿಬಿಡುತ್ತಿದ್ದೆ.

ಸ್ತುತಿ ಮುಗಿದರೆ ದೂರು. ದೇವರ ಮುಂದೆ ಗೋಳು ತೋಡಿಕೊಳ್ಳುವುದೂ ಭಕ್ತಿಯೇ ಎಂಬುದು ಅವರ ವಾದ. ಹಾಗಾಗಿ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತದ್ದು, ನಲ್ಲಿಯಲ್ಲಿ ನೀರು ಬಾರದ್ದು, ಎಲ್ಲವೂ ಪ್ರಾಸಬದ್ಧವಾಗಿ ಮೇಲಕ್ಕೆ ಹೋಗುತ್ತಿದ್ದವು. ಗಂಡನ ಒಂದು ಸಾಲನ್ನೂ ಎಂದೂ ಓದದ ದೊಡ್ಡಮ್ಮ ಅಡುಗೆಮನೆಯಿಂದಲೇ ವಿಮರ್ಶೆ ಮಾಡುತ್ತಿದ್ದರು.

“ದೇವ್ರಿಗೆ ಬರೆದದ್ದನ್ನ ನೀರಿನ ಆಫೀಸಿಗೆ ಬರೆದಿದ್ರೆ ಇಷ್ಟೊತ್ತಿಗೆ ಸಂಪು ತುಂಬಿರೋದು ಕಣ್ರೀ!”

“ಅವ್ರಿಗೆ ಕಾವ್ಯ ಅರ್ಥ ಆಗಲ್ಲ ಕಣೇ.”

“ನಂಗೂ ಆಗಲ್ಲ. ಎದ್ದು ಬಕೆಟ್ ಹಿಡ್ಕೊಳಿ!”

ಇದೆಲ್ಲ ಮನೆಯೊಳಗೆ ನಡೆಯುವವರೆಗೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ನಮ್ಮ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ ಬರುತ್ತದೆ. ಅವರವರು ಬೆಳೆದದ್ದನ್ನು ತಂದು ದೇವರ ಮುಂದಿಡಬೇಕು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವುಗಳ ಹರಾಜು. ಹಳ್ಳಿಗಳೆಲ್ಲ ಬಡಾವಣೆಗಳಾದ ಮೇಲೆ ಬೆಳೆಯುವವರು ಯಾರು? ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಕೊಂಡ ಕುಂಬಳಕಾಯಿಯನ್ನೇ ಎಲ್ಲರೂ ಭಕ್ತಿಯಿಂದ ಹೊತ್ತು ತರುತ್ತಾರೆ. ದೊಡ್ಡಪ್ಪ ಮಾತ್ರ ಹಿತ್ತಲಿನ ಬಾಳೆಗೊನೆ ತರುತ್ತಿದ್ದರು. ಆ ವರ್ಷ ಹಿತ್ತಲಿನಲ್ಲಿ ಬಾಡಿಗೆಗೆಂದು ಎರಡು ರೂಮು ಎದ್ದಿದ್ದವು, ಬಾಳೆ ಹೋಗಿತ್ತು.

“ಕೊಂಡು ತಂದದ್ದು ಫಸಲಲ್ಲ” ಎಂದರು ದೊಡ್ಡಪ್ಪ. “ಈ ವರ್ಷ ನಮ್ಮನೇಲಿ ಬೆಳೆದಿರೋದು ಕವಿತೆ ಒಂದೇ. ಅದನ್ನೇ ಇಡ್ತೀನಿ.”

“ಎಲ್ರೂ ನಗ್ತಾರೆ ಕಣ್ರೀ” ಎಂದರು ದೊಡ್ಡಮ್ಮ.

“ನಗ್ಲಿ. ಕಾಣಿಕೆ ಅಂತ ಒಪ್ಕೊಂಡ್ರೆ ಸಾಕು.”

ತಮಾಷೆಗೆ ಹೇಳಿದ್ದಲ್ಲ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಹಬ್ಬದ ದಿನ ಚರ್ಚಿನ ಸೆಕ್ರೆಟರಿ ಆ ಹಾಳೆ ಹಿಡಿದುಕೊಂಡು ಪೇಚಿಗೆ ಬಿದ್ದ.

“ಅಂಕಲ್, ಇದನ್ನ ತರಕಾರಿ ಜೊತೆ ಇಡೋದಾ, ಕೋಳಿ ಜೊತೆನಾ?”

“ಕೋಳಿ ಜೊತೆ ಬೇಡಪ್ಪ. ಕುಕ್ಕಿಬಿಡುತ್ತೆ.”

ಕೊನೆಗೆ ಸೀಮೆಬದನೆಕಾಯಿಗಳ ನಡುವೆ ಜಾಗ ಸಿಕ್ಕಿತು.

ಹರಾಜಿನಲ್ಲಿ ಕೋಳಿಗೆ ಪೈಪೋಟಿ ಬಿತ್ತು. ಕುಂಬಳಕಾಯಿ ತನ್ನ ಯೋಗ್ಯತೆಗೆ ಮೀರಿದ ಬೆಲೆಗೆ ಹೋಯಿತು. ಕವಿತೆಯ ಸರದಿ ಬಂದಾಗ ಸೆಕ್ರೆಟರಿ, “ಐವತ್ತು ರೂಪಾಯಿ, ಯಾರ್ರೀ?” ಎಂದ. ನಗು ಹಬ್ಬಿತು. ಹಿಂದಿನಿಂದ ಯಾರೋ ಕೂಗಿದರು, “ಗುರು, ಒಳಗೆ ಹುಳ ಇದೆಯಾ ನೋಡು!” ದೊಡ್ಡಪ್ಪನೂ ನಕ್ಕರು. ಆದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಿದ್ದರು.

ಮಾಲು ತೋರಿಸದೆ ಮಾರುವುದು ಹೇಗೆ? ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು ಓದಿದ:

ಬಿತ್ತಿದವನು ನಾನಲ್ಲ, ಕಾದವನೂ ನಾನಲ್ಲ;
ನಾನು ಸಾಲು ಹುಡುಕುವಾಗ ಕಾಫಿ ತಂದಿಟ್ಟವಳು ಇವಳು.
ಏನೂ ಬೆಳೆಯದವನಿಗೆ ನೀನು ಕೊಟ್ಟ ಫಸಲು.
ತಂದು ತೋರಿಸುತ್ತಿದ್ದೇನೆ, ಅಷ್ಟೆ.

ಅಂಗಳ ಸುಮ್ಮನಾಯಿತು. ಸುಮ್ಮನಾದರೆ ಹರಾಜು ನಡೆಯುವುದು ಹೇಗೆ? ನಾನು ಕೈ ಎತ್ತಿ “ನೂರು” ಎಂದೆ.

“ಇನ್ನೂರು!”

ಹೆಂಗಸರ ಕಡೆಯಿಂದ ಬಂದ ಧ್ವನಿ. ನೋಡಿದರೆ ದೊಡ್ಡಮ್ಮ!

“ಮುನ್ನೂರು” ಎಂದೆ.

“ಐನೂರು!”

ದೊಡ್ಡಪ್ಪ ಗಾಬರಿಯಾದರು. “ಲೇ, ಅದು ನಮ್ಮ ದುಡ್ಡು ಕಣೇ!”

“ನೀವು ಸುಮ್ನಿರ್ರೀ. ಅವನ ಕೈಗೆ ಹೋದ್ರೆ ಅರ್ಧಕ್ಕರ್ಧ ಕತ್ತರಿಸಿಬಿಡ್ತಾನೆ!”

ಮಾಲು ದೊಡ್ಡಮ್ಮನ ಪಾಲಾಯಿತು.

ವಾಪಸು ಆಟೋದಲ್ಲಿ ಮೂವರೂ ಒತ್ತಿಕೊಂಡು ಕೂತೆವು. ಕೆಂಪಾಪುರ ದಾಟಿದ ಮೇಲೆ ದೊಡ್ಡಪ್ಪ ನನ್ನ ಕಡೆ ವಾಲಿ, ಮೆಲ್ಲಗೆ ಕೇಳಿದರು:

“ನೀನು ಪೇಪರ್‌ನೋನು. ಇದ್ದದ್ದು ಇದ್ದ ಹಾಗೆ ಹೇಳು. ದೇವ್ರು ಒಪ್ಕೊಂಡ್ನಾ, ಇಲ್ಲ ಎಲ್ರಿಗೂ ಬರೀ ತಮಾಷೆ ಆಯ್ತಾ?”

ಮೂಲಗಳಿಂದ ಖಚಿತವಾಗದ್ದನ್ನು ಹೇಳುವ ಅಭ್ಯಾಸ ನನಗಿಲ್ಲ. ಹೇಳಿದವರು ದೊಡ್ಡಮ್ಮ, ಮಡಿಲಲ್ಲಿದ್ದ ಹಾಳೆಯಿಂದ ಕಣ್ಣು ತೆಗೆಯದೆ:

“ದೇವ್ರ ವಿಷ್ಯ ನಂಗೊತ್ತಿಲ್ಲ ಕಣ್ರೀ. ನಾನಂತೂ ಒಪ್ಕೊಂಡೆ.”

ದೊಡ್ಡಪ್ಪ ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡರು. ಮನೆ ಬಂದು ಆಟೋ ನಿಂತರೂ ಈ ಕಡೆ ತಿರುಗಲಿಲ್ಲ.